ಪಾಗಲ್‌ಖಾನೆಯ ರಿಜಿಸ್ಟರು: ಮಂಟೋನ ಕತೆಯನ್ನು ಯೆರವಡಾದಿಂದ ಓದುವುದು

ಪುಣೆಯಲ್ಲಿ ಯಾರಾದರೂ ಸ್ವಲ್ಪ ಅಡ್ಡಾದಿಡ್ಡಿ ಮಾತಾಡಿದರೆ, "ಇವನನ್ನ ಯೆರವಡಾಕ್ಕೆ ಕಳಿಸ್ರಿ" ಅಂತ ನಗುತ್ತಾರೆ. ನಾನು ಹುಟ್ಟಿ ಬೆಳೆದ ವಿಜಯಪುರದ ಕಡೆ ಇದೇ ಮಾತನ್ನು "ಧಾರವಾಡಕ್ಕ ಒಯ್ಯಬೇಕು ಇವನ್ನ" ಅಂತಿದ್ರು. ಬೆಂಗಳೂರಿನವರು ನಿಮ್ಹಾನ್ಸ್ ಹೆಸರು ಹೇಳುತ್ತಾರೆ. ಊರು ಬೇರೆ, ನಗು ಒಂದೇ. ಯೆರವಡಾದಲ್ಲಿ ಸೆಂಟ್ರಲ್ ಜೈಲೂ ಇದೆ, ಮನೋರುಗ್ಣಾಲಯವೂ ಇದೆ. ಹಾಗಾಗಿ ಇಲ್ಲಿಯ ಜೋಕಿಗೆ ಎರಡು ಅರ್ಥ. ಜೈಲು ಕಟ್ಟಿದ್ದು 1871ರಲ್ಲಿ. 1932ರ ಪುಣೆ ಒಪ್ಪಂದಕ್ಕೆ ಸಹಿ ಬಿದ್ದದ್ದು ಆ ಜೈಲಿನಲ್ಲೇ. ಅದು ಪಠ್ಯಪುಸ್ತಕದಲ್ಲಿದೆ. ಪಕ್ಕದ ಆಸ್ಪತ್ರೆಯ ಬಗ್ಗೆ ಪಠ್ಯಪುಸ್ತಕದಲ್ಲಿ ಒಂದು ಸಾಲೂ ಇಲ್ಲ. 2,540 ಹಾಸಿಗೆಗಳ ಆಸ್ಪತ್ರೆ ಅದು, ದೇಶದ ಅತಿ ದೊಡ್ಡ ಮಾನಸಿಕ ಆಸ್ಪತ್ರೆಗಳಲ್ಲಿ ಒಂದು. ಇಂಗ್ಲಿಷರ ಕಾಲದ ಕೊಡುಗೆ.

ನಾನು ಇಲ್ಲಿಯ ಒಂದು ಉರ್ದು ಮಾಧ್ಯಮದ ಶಾಲೆಯಲ್ಲಿ ಕಲಿಸುತ್ತೇನೆ. ಹೋದ ವರ್ಷ ಪರೀಕ್ಷೆ ಮುಗಿದ ಮೇಲೆ ನಾಲ್ಕು ದಿನ ಖಾಲಿ ಇತ್ತು. ಪಠ್ಯದಲ್ಲಿಲ್ಲದ ಒಂದು ಕತೆ ಓದೋಣ ಅಂತ ಸಾದತ್ ಹಸನ್ ಮಂಟೋನ 'ಟೋಬಾ ಟೇಕ್ ಸಿಂಗ್' ತೆಗೆದೆ. ಓದಿ ಮುಗಿಸಿದೆ. ಬಿ.ಎಡ್.ನಲ್ಲಿ ಕಲಿಸಿದ ಹಾಗೆ, "ಈ ಕತೆಯ ಮುಖ್ಯ ವಿಷಯ ಏನು?" ಅಂತ ಕೇಳಿದೆ. "ದೇಶ ವಿಭಜನೆ" ಅಂತ ಎಲ್ಲರೂ ಒಂದೇ ಸ್ವರದಲ್ಲಿ ಹೇಳಿದರು. ನಾನೂ ಬೋರ್ಡಿನ ಮೇಲೆ ಬರೆದೆ. ಆಗ ಹಿಂದಿನ ಬೆಂಚಿನ ಒಬ್ಬ ಹುಡುಗ ಕೇಳಿದ: "ಮಿಸ್, ಹುಚ್ಚರಲ್ಲಿ ಯಾರು ಹಿಂದೂ, ಯಾರು ಮುಸ್ಲಿಂ, ಯಾರು ಸಿಖ್ ಅಂತ ಸರಕಾರಕ್ಕೆ ಹ್ಯಾಂಗ ಗೊತ್ತಾಯ್ತು? ಅವರನ್ನೇ ಕೇಳಿದ್ರಾ?"

ಕ್ಲಾಸು ನಕ್ಕಿತು. ನನಗೆ ಉತ್ತರ ಹೊಳೆಯಲಿಲ್ಲ. ಈ ಬರಹ ಆ ಹುಡುಗನಿಗೆ ತಡವಾಗಿ ಕೊಡುತ್ತಿರುವ ಉತ್ತರ. ಹಾಗೆಯೇ ಈ ಕತೆಯನ್ನು ನಾವು ಇಷ್ಟು ವರ್ಷ ಓದಿದ ರೀತಿಯ ಮೇಲೆ ನನ್ನದೊಂದು ತಕರಾರು.

ಕತೆ ಬಹಳ ಜನರಿಗೆ ಗೊತ್ತು. ವಿಭಜನೆಯಾಗಿ ಎರಡು ಮೂರು ವರ್ಷದ ಮೇಲೆ ಎರಡೂ ಸರಕಾರಗಳಿಗೆ ಒಂದು ವಿಚಾರ ಬರುತ್ತದೆ: ಕೈದಿಗಳ ಹಾಗೆ ಹುಚ್ಚರನ್ನೂ ಅದಲುಬದಲು ಮಾಡಬೇಕು. ಭಾರತದ ಹುಚ್ಚಾಸ್ಪತ್ರೆಗಳಲ್ಲಿರುವ ಮುಸಲ್ಮಾನರು ಪಾಕಿಸ್ತಾನಕ್ಕೆ, ಅಲ್ಲಿಯ ಹಿಂದೂ ಸಿಖ್ಖರು ಭಾರತಕ್ಕೆ. ಲಾಹೋರಿನ ಪಾಗಲ್‌ಖಾನೆಯಲ್ಲಿ ಹದಿನೈದು ವರ್ಷದಿಂದ ಇರುವ ಬಿಶನ್ ಸಿಂಗ್ ಎಂಬ ಸಿಖ್ಖನಿಗೆ ಒಂದೇ ಪ್ರಶ್ನೆ: ನನ್ನ ಊರು ಟೋಬಾ ಟೇಕ್ ಸಿಂಗ್ ಎಲ್ಲಿದೆ? ಕೊನೆಗೆ ವಾಘಾ ಗಡಿಯಲ್ಲಿ, ಎರಡು ತಂತಿಬೇಲಿಗಳ ನಡುವೆ, ಯಾರದೂ ಅಲ್ಲದ ನೆಲದಲ್ಲಿ ಅವನು ಬಿದ್ದುಬಿಡುತ್ತಾನೆ.

ಇದನ್ನು ನಾವು ಹೇಗೆ ಓದುತ್ತೇವೆ? "ಹೊರಗಿನವರೇ ಹುಚ್ಚರು, ಒಳಗಿನವರೇ ಬುದ್ಧಿವಂತರು" ಅಂತ. ಮುಶಾಯಿರಾದಲ್ಲಿ, ಸೆಮಿನಾರಿನಲ್ಲಿ, ವಾಟ್ಸಾಪಿನಲ್ಲಿ ಎಲ್ಲ ಕಡೆ ಇದೇ ವಾಕ್ಯ. ಕೇಳಲು ಚೆನ್ನಾಗಿದೆ. ಆದರೆ ಈ ವಾಕ್ಯ ಹೇಳಿದ ಕೂಡಲೇ ಹುಚ್ಚಾಸ್ಪತ್ರೆ ಮಾಯವಾಗಿಬಿಡುತ್ತದೆ. ಅದು ಬರೀ ಒಂದು ರೂಪಕ ಆಗಿ ಉಳಿಯುತ್ತದೆ. ಹದಿನೈದು ವರ್ಷ ನಿಂತೇ ಇದ್ದು ಕಾಲು ಊದಿಸಿಕೊಂಡ ಮನುಷ್ಯ ನಮಗೆ ದೇಶದ ಸಂಕೇತವಾಗಿಬಿಡುತ್ತಾನೆ. ಅವನ ಊದಿದ ಕಾಲಿಗೆ ಔಷಧಿ ಹಚ್ಚಿದರಾ ಅಂತ ಯಾರೂ ಕೇಳುವುದಿಲ್ಲ.

ಮಂಟೋ ಹಾಗೆ ಮಾಯ ಮಾಡಿಲ್ಲ. ಕತೆಯನ್ನು ನಿಧಾನ ಓದಿದರೆ, ಆಡಳಿತದ ಒಂದೊಂದೇ ವಿವರವನ್ನು ಅವನು ಎಷ್ಟು ಖಚಿತವಾಗಿ ಇಟ್ಟಿದ್ದಾನೆ ಅಂತ ಕಾಣುತ್ತದೆ. ಅವನಿಗೆ ಆ ಜಾಗ ದೂರದ್ದಲ್ಲ. ಕೊನೆಯ ವರ್ಷಗಳಲ್ಲಿ ಕುಡಿತ ಬಿಡಿಸಲೆಂದು ಅವನನ್ನು ಲಾಹೋರಿನ ಅದೇ ಮಾನಸಿಕ ಆಸ್ಪತ್ರೆಗೆ ಸೇರಿಸಿದ್ದರು. ಇನ್ನೊಂದು ಕಾಕತಾಳೀಯ: ಮಂಟೋ ಹುಟ್ಟಿದ್ದು 1912ರಲ್ಲಿ. ಇಂಡಿಯನ್ ಲೂನಸಿ ಆಕ್ಟ್ ಬಂದದ್ದೂ ಅದೇ ವರ್ಷ. ಬಿಶನ್ ಸಿಂಗನನ್ನು ಒಳಗೆ ಇಟ್ಟದ್ದು ಆ ಕಾನೂನು.

ಮೊದಲು ಕಾನೂನಿನ ಮಾತು. 1857ರ ಬಂಡಾಯ ಅಡಗಿದ ಮರುವರ್ಷ, ಕಂಪನಿ ಕೈಯಿಂದ ರಾಣಿಯ ಕೈಗೆ ದೇಶ ಹೋದ ವರ್ಷದಲ್ಲೇ, ಹುಚ್ಚರ ಬಗ್ಗೆ ಮೂರು ಕಾಯ್ದೆಗಳು ಬಂದವು. ಅದರಲ್ಲಿ 36ನೇ ಕಾಯ್ದೆ ಹುಚ್ಚಾಸ್ಪತ್ರೆಗಳದ್ದು. ಉಳಿದೆರಡು ಮುಖ್ಯವಾಗಿ ಆಸ್ತಿಯದ್ದು: ಹುಚ್ಚನ ಜಮೀನು, ಹಣ ಯಾರು ನೋಡಿಕೊಳ್ಳಬೇಕು ಅಂತ. ಆಮೇಲೆ 1912ರ ಕಾಯ್ದೆ ಎಲ್ಲವನ್ನೂ ಒಟ್ಟು ಮಾಡಿತು. ಅದರ ಪ್ರಕಾರ ರಸ್ತೆಯಲ್ಲಿ ಅಲೆಯುವವನು ಹುಚ್ಚ ಅಂತ ಅನಿಸಿದರೆ ಠಾಣೆಯ ಅಧಿಕಾರಿ ಹಿಡಿಯಬಹುದು. ಮ್ಯಾಜಿಸ್ಟ್ರೇಟ್ ಆದೇಶ ಕೊಡಬೇಕು. ಡಾಕ್ಟರು ಸರ್ಟಿಫಿಕೇಟ್ ಕೊಡಬೇಕು. ತಿಂಗಳಿಗೊಮ್ಮೆ 'ವಿಸಿಟರ್' ಎಂದು ಸರಕಾರ ನೇಮಿಸಿದವರು ಬಂದು ತಪಾಸಣೆ ಮಾಡಬೇಕು. ಬಿಡುಗಡೆಗೆ ಮೂವರು ವಿಸಿಟರುಗಳ ಲಿಖಿತ ಆದೇಶ ಬೇಕು. ಕಾಗದದ ಮೇಲೆ ನೋಡಿದರೆ ಕಟ್ಟುನಿಟ್ಟಾದ ವ್ಯವಸ್ಥೆ. ಆದರೆ ಒಂದು ವಿಷಯ ಗಮನಿಸಿ: ಒಳಗೆ ಹೋಗುವ ದಾರಿ ಠಾಣೆ, ಕೋರ್ಟಿನ ಮೂಲಕ. ಕಳ್ಳನ ದಾರಿಯೂ ಅದೇ. ಇಬ್ಬರ ಕಟ್ಟಡಗಳು ಯೆರವಡಾದಲ್ಲಿ ನೆರೆಹೊರೆ ಆದದ್ದು ಸುಮ್ಮನೆ ಅಲ್ಲ.

ನಮ್ಮ ಭಾಗ ಆಗ ಮುಂಬೈ ಪ್ರೆಸಿಡೆನ್ಸಿ. ಅದರ ಹುಚ್ಚಾಸ್ಪತ್ರೆಗಳು ಕೊಲಾಬಾ, ಪುಣೆ, ಧಾರವಾಡ, ಅಹಮದಾಬಾದ್, ರತ್ನಾಗಿರಿ ಮತ್ತು ಸಿಂಧದ ಹೈದರಾಬಾದಿನಲ್ಲಿ ಇದ್ದವು. ಧಾರವಾಡದ್ದು 1845ರಷ್ಟು ಹಳೆಯದು. ವಿಜಯಪುರದವರಿಗೆ 'ಧಾರವಾಡ', ಪುಣೆಯವರಿಗೆ 'ಯೆರವಡಾ' ಅನ್ನುವ ಬೈಗುಳ ಬಂದದ್ದು ಒಂದೇ ದಫ್ತರದಿಂದ. ಈ ಆಸ್ಪತ್ರೆಗಳ ವಾರ್ಷಿಕ ವರದಿಗಳು ಅಚ್ಚಾಗುತ್ತಿದ್ದವು. ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯ ಅವನ್ನು ಇಂಟರ್ನೆಟ್ಟಿನಲ್ಲಿ ಹಾಕಿದೆ, ಯಾರು ಬೇಕಾದರೂ ನೋಡಬಹುದು. ನೋಡಿದರೆ ಕೋಷ್ಟಕಗಳ ಮೇಲೆ ಕೋಷ್ಟಕ. ಎಷ್ಟು ಮಂದಿ ಬಂದರು, ಎಷ್ಟು ಗುಣವಾದರು, ಎಷ್ಟು ಸತ್ತರು. ತಲೆಗೆ ಖರ್ಚು ಎಷ್ಟು. ರೋಗಿಗಳ ದುಡಿಮೆಯಿಂದ ಬಂದದ್ದು ಎಷ್ಟು. ಕಸುಬು ಏನು. ಹುಚ್ಚಿಗೆ ಕಾರಣ ಏನು. ಮತ್ತೆ, ಧರ್ಮ ಏನು: ಕ್ರೈಸ್ತ, ಹಿಂದೂ, ಮುಸಲ್ಮಾನ, ಪಾರ್ಸಿ.

ಇದೇ ಆ ಹುಡುಗನ ಪ್ರಶ್ನೆಗೆ ಉತ್ತರ. ಸರಕಾರ ಯಾರನ್ನೂ ಹೊಸದಾಗಿ ಕೇಳಬೇಕಾಗಿರಲಿಲ್ಲ. ಮೊದಲೇ ಬರೆದಿಟ್ಟಿತ್ತು. ಹೆಸರು ನೆನಪಿಲ್ಲದವನಿಗೂ ಧರ್ಮದ ಕಾಲಂ ಇತ್ತು. ವಿಭಜನೆ ಬರುವ ಹತ್ತಾರು ವರ್ಷ ಮೊದಲೇ ಪಾಗಲ್‌ಖಾನೆ ರಿಜಿಸ್ಟರಿನಲ್ಲಿ ವಿಭಜನೆ ಆಗಿ ಹೋಗಿತ್ತು. 1950ರಲ್ಲಿ ಆ ಪುಟಗಳನ್ನು ಬೇರೆ ಬೇರೆ ಲಾರಿಗಳಿಗೆ ಹಾಕಿದರು, ಅಷ್ಟೇ. ಹೌದು, ಮಂಟೋ ಬರೆದದ್ದು ಬರೀ ಕಲ್ಪನೆ ಅಲ್ಲ. 1950ರಲ್ಲಿ ನಿಜವಾಗಿಯೂ ಈ ಅದಲುಬದಲು ನಡೆಯಿತು. ಲಾಹೋರಿನಿಂದ ಸುಮಾರು 450 ಹಿಂದೂ ಸಿಖ್ ರೋಗಿಗಳು ಅಮೃತಸರಕ್ಕೆ ಬಂದರು. ಇತಿಹಾಸದ ಜೋರು ಸದ್ದಿನಲ್ಲಿ ಈ ಮೆರವಣಿಗೆ ಯಾರಿಗೂ ಕೇಳಿಸಲಿಲ್ಲ. ಒಬ್ಬ ಕತೆಗಾರನಿಗೆ ಕೇಳಿಸಿತು.

ಈಗ ಕತೆಗೆ ವಾಪಸು ಬನ್ನಿ. ಗಡಿಯಲ್ಲಿ ಬಿಶನ್ ಸಿಂಗನ ಸರದಿ ಬಂದಾಗ ಅಧಿಕಾರಿ ಏನು ಮಾಡುತ್ತಾನೆ? ರಿಜಿಸ್ಟರಿನಲ್ಲಿ ಹೆಸರು ತುಂಬುತ್ತಿರುತ್ತಾನೆ. ಬಿಶನ್ ಸಿಂಗ್ ಪ್ರಶ್ನೆ ಕೇಳುತ್ತಾನೆ. ಅಧಿಕಾರಿ ನಕ್ಕು ಉತ್ತರ ಹೇಳುತ್ತಾನೆ. ಆ ನಗು ಕ್ರೌರ್ಯ ಅಲ್ಲ. ಅವನ ಫಾರಮಿನಲ್ಲಿ ಈ ಪ್ರಶ್ನೆಗೆ ಜಾಗ ಇಲ್ಲ, ಅಷ್ಟೇ. ಧರ್ಮಕ್ಕೆ ಕಾಲಂ ಇದೆ, ಜಿಲ್ಲೆಗೆ ಕಾಲಂ ಇದೆ. "ನಿನ್ನ ಮನಸ್ಸು ಎಲ್ಲಿದೆ" ಅನ್ನುವುದಕ್ಕೆ ಇಲ್ಲ. ಬಿಶನ್ ಸಿಂಗನ ಅರ್ಥವಿಲ್ಲದ ಬಡಬಡಿಕೆಯನ್ನು ಗಮನಿಸಿ: ಅದರ ಮೊದಲ ಭಾಗ ಯಾವಾಗಲೂ ಒಂದೇ, ಕೊನೆಯ ತುಂಡು ಮಾತ್ರ ಕಾಲಕ್ಕೆ ತಕ್ಕ ಹಾಗೆ ಬದಲಾಗುತ್ತದೆ, ಸರಕಾರದ ಹೆಸರು ಬಂದು ಅಲ್ಲಿ ಸೇರಿಕೊಳ್ಳುತ್ತದೆ. ನನಗೆ ಅದು ಸರಕಾರಿ ಫಾರಮಿನ ಭಾಷೆಯ ಹಾಗೇ ಕೇಳಿಸುತ್ತದೆ. ಮೇಲಿನ ಒಕ್ಕಣೆ ಒಂದೇ, ಕೆಳಗಿನ ಮುದ್ರೆ ಮಾತ್ರ ಬೇರೆ.

ಇನ್ನೂ ಎರಡು ವಿವರ. ಒಂದು, ಆ ಪಾಗಲ್‌ಖಾನೆಯ ಯುರೋಪಿಯನ್ ವಾರ್ಡು. ಅಲ್ಲಿಯ ಇಬ್ಬರು ಆಂಗ್ಲೋ ಇಂಡಿಯನ್ನರಿಗೆ ಇಂಗ್ಲಿಷರು ಹೋದ ಮೇಲೆ ಬ್ರೆಡ್ ಸಿಗುತ್ತದೋ ಚಪಾತಿ ತಿನ್ನಬೇಕೋ ಅನ್ನುವ ಚಿಂತೆ. ನಾವು ನಕ್ಕು ಮುಂದೆ ಹೋಗುತ್ತೇವೆ. ಆದರೆ ಇದು ಆಡಳಿತದ ಸತ್ಯ. ಬಿಳಿಯರಿಗೆ ಬೇರೆ ವಾರ್ಡು, ಬೇರೆ ಊಟ, ಬೇರೆ ಖರ್ಚು. 1918ರಲ್ಲಿ ರಾಂಚಿಯಲ್ಲಿ ಯುರೋಪಿಯನ್ನರಿಗೆಂದೇ ಪ್ರತ್ಯೇಕ ಆಸ್ಪತ್ರೆ ಶುರುವಾಯಿತು. ಹುಚ್ಚು ಹಿಡಿದರೂ ಸಾಹೇಬ ಸಾಹೇಬನೇ. ವಾಲ್‌ಟ್ರೌಡ್ ಅರ್ನ್ಸ್ಟ್ ಎಂಬ ಇತಿಹಾಸಕಾರ್ತಿ ಈ ಬಿಳಿ ರೋಗಿಗಳ ಮೇಲೇ 1991ರಲ್ಲಿ ಒಂದು ಪುಸ್ತಕ ಬರೆದರು. 'ನೇಟಿವ್' ರೋಗಿಗಳ ಮೇಲೆ ಜೇಮ್ಸ್ ಮಿಲ್ಸ್ 2000ದಲ್ಲಿ ಬರೆದರು. ಇತಿಹಾಸದಲ್ಲೂ ಬೇರೆ ಬೇರೆ ವಾರ್ಡು!

ಎರಡು, ಕತೆಯ ಪಾಗಲ್‌ಖಾನೆಯಲ್ಲಿ ಕೆಲವರು ಹುಚ್ಚರೇ ಅಲ್ಲ. ಕೊಲೆ ಮಾಡಿದವರು, ಗಲ್ಲು ತಪ್ಪಿಸಲು ಮನೆಯವರು ಲಂಚ ಕೊಟ್ಟು ಇಲ್ಲಿ ಸೇರಿಸಿದ್ದಾರೆ. ಇಂಗ್ಲಿಷರ ಲೆಕ್ಕದಲ್ಲಿ ಹುಚ್ಚರು ಎರಡು ಬಗೆ: ಕ್ರಿಮಿನಲ್ ಮತ್ತು ನಾನ್ ಕ್ರಿಮಿನಲ್. ರೋಗಿಯನ್ನು ಹೀಗೆ ವಿಂಗಡಿಸಿದ ಮೇಲೆ 'ನಾನ್ ಕ್ರಿಮಿನಲ್ ಹುಚ್ಚ'ನನ್ನು ಜೈಲಿನಲ್ಲಿ ಇಡುವುದೂ ಸಹಜವಾಯಿತು. ಸ್ವಾತಂತ್ರ್ಯ ಬಂದು ನಾಲ್ಕು ದಶಕ ಕಳೆದರೂ ಆ ರೂಢಿ ಹೋಗಲಿಲ್ಲ. ಪತ್ರಕರ್ತೆ ಶೀಲಾ ಬರ್ಸೆಯವರ ಪ್ರಕರಣದಲ್ಲಿ 1993ರಲ್ಲಿ ಸುಪ್ರೀಂ ಕೋರ್ಟ್ ಹೇಳಬೇಕಾಯಿತು, ಅಪರಾಧ ಮಾಡದ ಮನೋರೋಗಿಯನ್ನು ಜೈಲಿಗೆ ಹಾಕುವುದು ಸಂವಿಧಾನಕ್ಕೆ ವಿರುದ್ಧ ಅಂತ. 1912ರ ಕಾನೂನು ಹೋದದ್ದೂ ಅದೇ ವರ್ಷ; 1987ರಲ್ಲಿ ಪಾಸಾದ ಹೊಸ ಕಾಯ್ದೆ ಜಾರಿಗೆ ಬಂದದ್ದು 1993ರಲ್ಲಿ. ಅಂದರೆ ಮಂಟೋ ಸತ್ತು ಮೂವತ್ತೆಂಟು ವರ್ಷದವರೆಗೂ ಈ ದೇಶದ ಬಿಶನ್ ಸಿಂಗರು ಅದೇ ಕಾಯ್ದೆಯ ಕೆಳಗೆ ಇದ್ದರು.

ಕಾಲಂ ತುಂಬುವ ಈ ಚಟ ಎಂಥ ಸುಳ್ಳು ಹುಟ್ಟಿಸುತ್ತದೆ ಅಂತ ಇಂಗ್ಲಿಷರದ್ದೇ ಒಂದು ವರದಿ ಹೇಳುತ್ತದೆ. ಗಾಂಜಾ, ಭಂಗಿಯಿಂದ ಜನ ಹುಚ್ಚರಾಗುತ್ತಾರೆ ಅನ್ನುವ ಗಲಾಟೆ ಎದ್ದಾಗ 1893-94ರಲ್ಲಿ ಹೆಂಪ್ ಡ್ರಗ್ಸ್ ಕಮಿಷನ್ ಕೂತಿತು. ಹುಚ್ಚಾಸ್ಪತ್ರೆಗಳ ಅಂಕಿಅಂಶವೇ ದೊಡ್ಡ ಸಾಕ್ಷಿ ಆಗಿತ್ತು. 1892ರಲ್ಲಿ ಸೇರಿದ 1,344 ಮಂದಿಯಲ್ಲಿ 222 ಮಂದಿಗೆ ಗಾಂಜಾ ಕಾರಣ ಅಂತ ಬರೆದಿತ್ತು. ಕಮಿಷನ್ ಒಂದೊಂದೇ ಕೇಸು ಹಿಡಿದು ಊರಿನ ಮಟ್ಟಕ್ಕೆ ಹೋಗಿ ವಿಚಾರಿಸಿತು. ಕೊನೆಗೆ ಉಳಿದದ್ದು 98, ಅದರಲ್ಲೂ ಎಷ್ಟೋ ಅನುಮಾನದವು. ಹಾಗಾದರೆ ಉಳಿದವರದ್ದು ಎಲ್ಲಿಂದ ಬಂತು? ಕಾರಣ ಬರೆಯುವ ಕಾಲಂ ಇತ್ತು, ಪೊಲೀಸ್ ಬರೆದ, ಆಸ್ಪತ್ರೆಯವರು ಅದನ್ನೇ ನಕಲು ಮಾಡಿದರು, ನಕಲು ಕೋಷ್ಟಕವಾಯಿತು, ಕೋಷ್ಟಕ ವಿಜ್ಞಾನವಾಯಿತು. ರೋಗಿ ಏನು ಹೇಳಿದ ಅನ್ನುವುದು ಎಲ್ಲೂ ಇಲ್ಲ.

ಇದನ್ನು ಓದಿ ಇಂಗ್ಲಿಷರನ್ನು ಬೈದು ಕೂರಲು ನನಗೆ ಬಾಯಿ ಬರಲಿಲ್ಲ. ಯಾಕಂದರೆ ನಾನೂ ಕಾಲಂ ತುಂಬುವವಳು. ಎರಡು ವರ್ಷದ ಹಿಂದೆ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಶಾಲೆ ಬಿಟ್ಟಳು. ಆನ್‌ಲೈನ್ ಫಾರಮಿನಲ್ಲಿ ಕಾರಣ ಕೇಳಿತ್ತು, ಖಾಲಿ ಬಿಟ್ಟರೆ ಫಾರಂ ಮುಂದೆ ಹೋಗುವುದಿಲ್ಲ. 'ಓದಿನಲ್ಲಿ ಆಸಕ್ತಿ ಇಲ್ಲ' ಅಂತ ಒತ್ತಿದೆ. ಮೂರು ತಿಂಗಳ ಮೇಲೆ ಗೊತ್ತಾಯಿತು: ಅವಳ ತಾಯಿಗೆ ಮನಸ್ಸಿನ ಕಾಯಿಲೆ, ಒಬ್ಬಳನ್ನೇ ಬಿಟ್ಟರೆ ಮನೆಯಿಂದ ಹೊರಗೆ ಹೋಗಿಬಿಡುತ್ತಾಳೆ, ಅದಕ್ಕೆ ಮಗಳು ಕಾವಲು. ಕ್ಲಾಸಿನಲ್ಲಿ ಉರ್ದು ಪದ್ಯವನ್ನು ಎಲ್ಲರಿಗಿಂತ ಚೆನ್ನಾಗಿ ಓದುತ್ತಿದ್ದ ಹುಡುಗಿ ಅವಳು. ನಾನು ಬರೆದ ಕಾರಣ ಈಗಲೂ ಯಾವುದೋ ಕೋಷ್ಟಕದಲ್ಲಿ ಇದೆ.

ನಮ್ಮ ಬರಹಗಾರರಲ್ಲಿ ಇನ್ನೊಂದು ಅಭ್ಯಾಸವಿದೆ. ಹುಚ್ಚಾಸ್ಪತ್ರೆ ಅಂದಕೂಡಲೇ ಫೂಕೋ ಹೆಸರು. ಆಡಳಿತ ಶಕ್ತಿ ಎಲ್ಲ ಹುಚ್ಚರನ್ನೂ ಗುಡಿಸಿ ಒಳಗೆ ಹಾಕಿತು ಅನ್ನುವ ಚಿತ್ರ. ಅವನು ಬರೆದದ್ದು ಯುರೋಪಿನ ಬಗ್ಗೆ. ಇಲ್ಲಿ ಹಾಗೆ ಆಗಲಿಲ್ಲ. ಬ್ರಿಟಿಷ್ ಆಳ್ವಿಕೆಯ ಕೊನೆಗೆ, ಭೋರ್ ಸಮಿತಿಯ ಹೊತ್ತಿಗೆ, ಇಡೀ ದೇಶಕ್ಕೆ ಇದ್ದದ್ದು ಹತ್ತು ಸಾವಿರದಷ್ಟು ಹಾಸಿಗೆ. ಸುಮಾರು 40,000 ಜನಕ್ಕೆ ಒಂದು. ಇಂಗ್ಲೆಂಡಿನಲ್ಲಿ ಸುಮಾರು 300 ಜನಕ್ಕೆ ಒಂದು ಇತ್ತು. ಬಜಾರಿನಲ್ಲಿ, ದಂಡಿನ ಪ್ರದೇಶದಲ್ಲಿ, ರೈಲ್ವೆ ಸ್ಟೇಷನ್ನಿನಲ್ಲಿ ತೊಂದರೆ ಕೊಟ್ಟವನನ್ನು ಸರಕಾರ ಹಿಡಿಯಿತು. ಉಳಿದವರನ್ನು ಮನೆಗೆ ಬಿಟ್ಟಿತು. ಹಾಗಾದರೆ ಉಳಿದವರನ್ನು ಕಟ್ಟಿ ಹಾಕಿದ್ದು ಯಾರು?

ಮಂಟೋ ಅದನ್ನೂ ಬರೆದಿದ್ದಾನೆ, ನಾವು ಓದಿಲ್ಲ. ಬಿಶನ್ ಸಿಂಗನನ್ನು ಪೊಲೀಸರು ತರಲಿಲ್ಲ. ಸಂಬಂಧಿಕರೇ ದಪ್ಪ ಕಬ್ಬಿಣದ ಸರಪಳಿಯಲ್ಲಿ ಕಟ್ಟಿ ತಂದು ಸೇರಿಸಿದರು. ರಿಜಿಸ್ಟರು ಸರಕಾರದ್ದು, ಸರಪಳಿ ಮನೆಯದ್ದು.

ಈ ಸಾಲಿನಲ್ಲಿ ನಾನು ತಡೆದು ನಿಂತೆ. ನನ್ನ ದಾದಿಯ ತಮ್ಮ ಒಬ್ಬರಿದ್ದರು. 1960ರ ದಶಕದ ಮಾತು. ಮೊದಲು ಮನೆಯ ಹಿಂದಿನ ಕಂಬಕ್ಕೆ ಕಟ್ಟಿದ್ದರಂತೆ. ಆಮೇಲೆ ಒಂದು ದರ್ಗಾದಲ್ಲಿ ಕೆಲವು ತಿಂಗಳು ಇಟ್ಟರಂತೆ. ಆಮೇಲೆ ದೂರದ ಊರಿನ ದೊಡ್ಡ ದವಾಖಾನೆ. ಮೊದಮೊದಲು ಈದ್ ಆದ ಮೇಲೆ ಯಾರಾದರೂ ಹೋಗಿ ನೋಡಿ ಬರುತ್ತಿದ್ದರು. ಮನೆಯ ಹೆಣ್ಣುಮಕ್ಕಳ ಸಂಬಂಧದ ಮಾತು ಶುರುವಾದ ಮೇಲೆ ಅದೂ ನಿಂತಿತು. ನಾನು ಚಿಕ್ಕವಳಿದ್ದಾಗ ಅಮ್ಮಿಯನ್ನು ಕೇಳಿದರೆ, "ಉನೋ ಗಯೇ ಸೋ ಗಯೇ" ಅಂತ ಮಾತು ಮುಗಿಸುತ್ತಿದ್ದರು. ಹೋದರು ಅಂದರೆ ಸತ್ತರಾ, ಊರು ಬಿಟ್ಟರಾ, ಏನೂ ಇಲ್ಲ.

ಕತೆಯಲ್ಲಿ ನನಗೆ ಅತಿ ಕಷ್ಟ ಕೊಡುವ ಜಾಗ ಗಡಿಯ ಸಾವು ಅಲ್ಲ. ಮುಲಾಖಾತಿನ ದಿನ. ತಿಂಗಳಿಗೊಮ್ಮೆ ಮನೆಯವರು ಬರುವ ದಿನ ಬಿಶನ್ ಸಿಂಗನಿಗೆ ಹೇಗೋ ತಾನಾಗೇ ಗೊತ್ತಾಗುತ್ತಿತ್ತು. ಅವತ್ತು ಸೋಪು ಹಚ್ಚಿ ಸ್ನಾನ ಮಾಡಿ, ತಲೆಗೆ ಎಣ್ಣೆ ಹಾಕಿ ಬಾಚಿ, ಇದ್ದದ್ದರಲ್ಲಿ ಒಳ್ಳೆಯ ಬಟ್ಟೆ ಉಟ್ಟು ತಯಾರಾಗುತ್ತಿದ್ದ. ವಿಭಜನೆ ಆದ ಮೇಲೆ ಯಾರೂ ಬರಲಿಲ್ಲ, ಆ ದಿನ ಗುರುತಿಸುವ ಒಳಗಿನ ಗಂಟೆಯೂ ನಿಂತುಹೋಯಿತು. ನಮ್ಮ ಮನೆಯಲ್ಲಿ ಯಾವ ವಿಭಜನೆಯೂ ಆಗಿರಲಿಲ್ಲ. ಆದರೂ ಮುಲಾಖಾತ್ ನಿಂತಿತು. ಅಲ್ಲಿ ಆ ಮಾಮು ಎಷ್ಟು ಈದಿಗೆ ಸ್ನಾನ ಮಾಡಿ ಕಾದರೋ.

ನಾವು ಮುಸಲ್ಮಾನರು ಈ ವಿಷಯ ಬಂದಾಗ ಹೆಮ್ಮೆಯಿಂದ ಹಳೆಯ ಬೀಮಾರಿಸ್ತಾನಗಳ ಮಾತು ತೆಗೆಯುತ್ತೇವೆ. ಕೈರೋದಲ್ಲಿ 1284ರಲ್ಲೇ ಕಲಾವೂನ್ ಆಸ್ಪತ್ರೆ ಕಟ್ಟಿದರು, ಅಲೆಪ್ಪೋದಲ್ಲಿ 1354ರ ಅರ್ಗೂನ್ ಬೀಮಾರಿಸ್ತಾನದಲ್ಲಿ ಮನೋರೋಗಿಗಳಿಗೆ ಬೇರೆ ಅಂಗಳ, ನೀರಿನ ಕಾರಂಜಿ. ನಿಜ, ಹೆಮ್ಮೆಪಡಬೇಕಾದ್ದೇ. ಆದರೆ ಆ ಕಾರಂಜಿಯ ನೀರು ತೋರಿಸಿ ನಮ್ಮ ಕಾಲದ ಬೆಂಕಿಯನ್ನು ಮುಚ್ಚಬಾರದು. 2001ರ ಆಗಸ್ಟ್ 6ರಂದು ತಮಿಳುನಾಡಿನ ಎರವಾಡಿಯಲ್ಲಿ, ದರ್ಗಾ ಊರಿನ ಒಂದು ಖಾಸಗಿ ತಂಗುದಾಣಕ್ಕೆ ಬೆಂಕಿ ಬಿತ್ತು. ಸರಪಳಿಯಲ್ಲಿದ್ದವರು ಓಡಲಾರದೆ, 28 ಮಂದಿ ಸತ್ತರು. ಅವರಲ್ಲಿ ಎಲ್ಲ ಧರ್ಮದವರೂ ಇದ್ದರು. ಅಲ್ಲಿ ಧರ್ಮದ ಕಾಲಂ ಇರಲಿಲ್ಲ, ಒಪ್ಪೋಣ; ದರ್ಗಾದ ದೊಡ್ಡತನ ಅದು. ಆದರೆ ಸರಪಳಿಗೂ ಭೇದ ಇರಲಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 95ನೇ ಕಲಂ ಈಗ ಯಾವ ರೂಪದಲ್ಲೂ ಸರಪಳಿ ಹಾಕುವಂತಿಲ್ಲ ಅನ್ನುತ್ತದೆ. ಎರವಾಡಿ, ಯೆರವಡಾ: ಎರಡು ಹೆಸರು ಬಾಯಲ್ಲಿ ಒಂದೇ ಥರ ಕೇಳಿಸುತ್ತವೆ. ಒಂದು ಕಡೆ ನಂಬಿಕೆಯ ಹೆಸರಲ್ಲಿ, ಇನ್ನೊಂದು ಕಡೆ ಆಡಳಿತದ ಹೆಸರಲ್ಲಿ ನಾವು ನಮ್ಮವರನ್ನು ಬಿಟ್ಟು ಬಂದಿದ್ದೇವೆ. ದರ್ಗಾಕ್ಕೆ ಹೋಗಬೇಡಿ ಅಂತ ನಾನು ಹೇಳುತ್ತಿಲ್ಲ. ದುವಾ ಕೇಳಿ ಮನೆಗೆ ಬರುವಾಗ ರೋಗಿಯನ್ನೂ ಕರೆದುಕೊಂಡು ಬನ್ನಿ, ಡಾಕ್ಟರ ಹತ್ತಿರವೂ ಹೋಗಿ ಅಂತ ಹೇಳುತ್ತಿದ್ದೇನೆ.

ಮಂಟೋ ಮೇಲೂ ನನ್ನದೊಂದು ದೂರಿದೆ. ಅವನ ಪಾಗಲ್‌ಖಾನೆಯಲ್ಲಿ ವಕೀಲ ಇದ್ದಾನೆ, ಇಂಜಿನಿಯರ್ ಇದ್ದಾನೆ, ತಾನೇ ಜಿನ್ನಾ ಅನ್ನುವವನಿದ್ದಾನೆ, ಖುದಾ ಅನ್ನುವವನೂ ಇದ್ದಾನೆ. ಹೆಸರಿರುವ ಹೆಣ್ಣು ರೋಗಿ ಒಬ್ಬಳೂ ಕಣ್ಣಿಗೆ ಬೀಳುವುದಿಲ್ಲ. ವಾರ್ಷಿಕ ವರದಿಗಳ ಕೋಷ್ಟಕದಲ್ಲಾದರೂ ಹೆಂಗಸರಿಗೆ ಒಂದು ಕಾಲಂ ಇತ್ತು. ವಿಭಜನೆಯ ಹೆಂಗಸರ ಮೇಲೆ ಅಷ್ಟು ನಿಷ್ಠುರವಾದ ಕತೆಗಳನ್ನು ಬರೆದವನು ಇಲ್ಲಿ ಬರೀ ಗಂಡಸರ ವಾರ್ಡಿನಲ್ಲಿ ನಿಂತುಬಿಟ್ಟ. ಮಗಳು ರೂಪ್ ಕೌರ್ ಮಾತ್ರ ಇದ್ದಾಳೆ. ಅಪ್ಪನನ್ನು ನೋಡಿ ಅಳುತ್ತಾ ಅಳುತ್ತಾ ಹದಿನೈದು ವರ್ಷದವಳಾದಳು. ಆಮೇಲೆ ಗಡಿ ದಾಟಿದಳು. ಅವಳು ಆ ಕಡೆ ಅಪ್ಪನಿಗೆ ಕಾದಳೇ? ಕತೆ ಹೇಳುವುದಿಲ್ಲ. ನನ್ನ ವಿದ್ಯಾರ್ಥಿನಿ ಈಗ ಅದೇ ವಯಸ್ಸಿನವಳು. ಅವಳನ್ನು ವಾಪಸು ಶಾಲೆಗೆ ತರಲಾಗಲಿಲ್ಲ. ಮುಕ್ತ ಶಾಲೆಯ ಪರೀಕ್ಷೆಗೆ ಕೂರಿಸಬಹುದು ಅಂತ ಓಡಾಡುತ್ತಿದ್ದೇನೆ. ಎರಡು ಸಲ ಅವಳ ಮನೆಗೆ ಹೋಗಿ ಬಂದೆ. ತಾಯಿ ನನಗೆ ಚಹಾ ಮಾಡಿ ಕೊಟ್ಟರು.

ಈ ವರ್ಷ ಮತ್ತೆ ಆ ಕತೆ ಓದಿಸುತ್ತೇನೆ. "ಮುಖ್ಯ ವಿಷಯ ಏನು" ಅಂತ ಕೇಳುವುದಿಲ್ಲ. ಬಿಶನ್ ಸಿಂಗನ ರಿಜಿಸ್ಟರಿನ ಪುಟ ನೀವೇ ತಯಾರು ಮಾಡಿ, ಯಾವ ಯಾವ ಕಾಲಂ ಇರಬೇಕು ನೀವೇ ಹೇಳಿ ಅಂತ ಕೊಡಬೇಕು ಅಂದುಕೊಂಡಿದ್ದೇನೆ.

ರಂಜಾನಿನಲ್ಲಿ ಊರಿಗೆ ಹೋದಾಗ ಅಮ್ಮಿಯ ಪಕ್ಕ ಕೂತು ಮತ್ತೆ ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಮಾಮುವಿನ ಹೆಸರು ಹೇಳಿದರು, ಅವರು ಕೈಮಗ್ಗದ ಮೇಲೆ ಒಳ್ಳೆಯ ಕೆಲಸ ಮಾಡುತ್ತಿದ್ದರು ಅಂತಲೂ ಹೇಳಿದರು. ಆ ಹೆಸರನ್ನು ಇಲ್ಲಿ ಹಾಕುವುದಿಲ್ಲ. ನಮ್ಮ ಮನೆಯ ಶಜರಾದಲ್ಲಿ ದಾದಿಯ ಹೆಸರಿನ ಪಕ್ಕ ಜಾಗ ಖಾಲಿ ಇತ್ತು, ಅಲ್ಲಿ ಬರೆದಿದ್ದೇನೆ.